ಪೊರಕೆಯ ಲೆಕ್ಕ

ಎಂಬತ್ತಮೂರರಲ್ಲಿ ಈ ಹಾಲಿನ ನೆಲ ಗುಡಿಸಿದರೆ
ಹಲ್ಲು ಸಿಗುತ್ತಿತ್ತು.
ಸುಳ್ಳಲ್ಲ. ಒಂದು ಬಾಚಿಹಲ್ಲು, ಬುಡದಲ್ಲಿ ರಕ್ತ,
ಹರಿದ ಅಂಗಿತೋಳು, ಬೂಟಿನ ಲೇಸು,
ಗೋಡೆಯಲ್ಲಿ ಮೊಣಕೈ ಅಳತೆಯ ತೂತು.
ಪಾದ್ರಿಗಳು ಕೇಳಿದರು: ಲೂಶಸ್, ಇದು ಸಂಗೀತವೋ ಹೊಡೆದಾಟವೋ?
ಅಯ್ಯಾ, ಬಾಡಿಗೆ ಕೊಟ್ಟಿದ್ದಾರೆ, ಅಂದೆ.

ಎಂಬತ್ತೈದು. ವಾಷಿಂಗ್ಟನ್ನಿನ ಬೇಸಿಗೆಯೆಂದರೆ
ನದಿಯೇ ಎದ್ದು ಬಂದು ಮೈಮೇಲೆ ಮಲಗಿದ ಹಾಗೆ.
ಹಾಲಿಗೆ ಎರಡು ಫ್ಯಾನು, ಒಂದು ಕೆಟ್ಟಿತ್ತು.
ಅದೇ ಹುಡುಗರು, ಅದೇ ಲಟಾರಿ ವ್ಯಾನು,
ಆದರೆ ಒಬ್ಬನ ಕಂಕುಳಲ್ಲಿ ಹೂವಿನ ಕಟ್ಟು.
ಯಾರು ಹೋದರಪ್ಪಾ?
ಗ್ರೇಡಿ ನಾಚಿಕೊಂಡ:
ಯಾರೂ ಇಲ್ಲ, ಮಿಸ್ಟರ್ ಟಿಲ್‌ಮನ್. ವೇದಿಕೆಗೆ.

ಬಾಗಿಲಲ್ಲಿ ಪೆಟ್ರಾ, ಬೂಟಿನ ಡಬ್ಬಿಯಲ್ಲಿ ತಲೆಗೆ ಮೂರು ಡಾಲರು,
ಎಳೆಯರ ಮುಂಗೈಗೆ ಕಪ್ಪು ಮಾರ್ಕರಿನ ಗುಣಾಕಾರ.
ಕುಡಿತವಿಲ್ಲ. ನಲ್ಲಿಯ ನೀರು, ನನ್ನದೇ ಲೋಟ.

ಕಿವಿಗೆ ಹತ್ತಿ ತುರುಕಲು ಕೈ ಎತ್ತಿದವನು
ಬಾಯ್ಲರ್ ಕೋಣೆಯ ಬಾಗಿಲಲ್ಲಿ
ಹಾಗೇ ನಿಂತೆ.

ಮೊದಲೆಲ್ಲ ಅವರ ಗಿಟಾರು
ಇಳಿಜಾರಿನಲ್ಲಿ ಬ್ರೇಕು ಕಡಿದ ಲಾರಿ.
ಇವತ್ತು ನಡುದಾರಿಯಲ್ಲಿ ನಿಂತಿತು, ತಿರುಗಿ ನೋಡಿತು,
ಒಂದೊಂದೇ ತಂತಿ ಬಿಡಿಸಿತು
ಒಣಗಿದ ಗಾಯದ ಪಟ್ಟಿ ಬಿಚ್ಚುವವರ ಹಾಗೆ.
ಕೆಳಗೆ ಬೇಸು ತನ್ನಷ್ಟಕ್ಕೆ ಬೇರೇನೋ ಗೊಣಗುತ್ತ.
ಡ್ರಮ್ಮು ಮಾತ್ರ ಹಳೆಯ ಸಿಟ್ಟು ಬಿಟ್ಟಿರಲಿಲ್ಲ,
ಆದರೆ ಆ ಸಿಟ್ಟಿಗೀಗ ಎದುರಾಳಿ ಕಾಣಲಿಲ್ಲ.
ಗ್ರೇಡಿ ಮಾತಾಡುತ್ತಿದ್ದ, ಹಾಡಲ್ಲ ಅದು,
ಯಾವುದೋ ಅಡುಗೆಮನೆ, ಯಾರೋ ಫೋನು ಇಟ್ಟ ಸದ್ದು,
ಮಾತು ಏರಿತು, ಏರಿ ಕೂಗಾಯಿತು,
ಕೂಗು ಒಂದು ಪದದ ನಟ್ಟನಡುವೆ ಒಡೆಯಿತು,
ಮಡಕೆಯ ಹಾಗಲ್ಲ,
ಹದಿಮೂರರ ಹುಡುಗನ ದನಿ
ಇಡೀ ತರಗತಿಯ ಮುಂದೆ ಒಡೆದ ಹಾಗೆ.
ಅವನು ಕೆಮ್ಮಿ ಮುಚ್ಚಿಕೊಳ್ಳಲಿಲ್ಲ.

ಮುಂದಿನ ಸಾಲಿನಲ್ಲಿ ನೀಲ್ ಹಾರ್ಕಿನ್.
ಆ ಹಲ್ಲು ಉದುರಿಸಿದ ಮೊಣಕೈ ಇವನದೇ.
ಅಳುತ್ತಿದ್ದ, ಮೂಗು ಸೋರಿಸಿಕೊಂಡು.
ಪಕ್ಕದವನ ಕೈ ಅವನ ಭುಜದ ಮೇಲಿತ್ತು,
ತಳ್ಳುವುದಕ್ಕಲ್ಲ.

ಅಳು ನನಗೆ ಹೊಸದೇ?
ದಕ್ಷಿಣ ಕೆರೊಲಿನಾದ ಹಲಗೆ ಚರ್ಚಿನಲ್ಲಿ
ಅವ್ವ ಭಾನುವಾರ ಭಾನುವಾರ ಅಳುತ್ತಿದ್ದಳು;
ಆ ಅಳುವಿಗೆ ಹೋಗಿ ಮುಟ್ಟುವ ಕಿವಿಯೊಂದಿತ್ತು.
ಈ ಹುಡುಗರದು ವಿಳಾಸವಿಲ್ಲದ ಕಾಗದ.
ಒಳ್ಳೆಯ ಶಾಲೆ, ಸರ್ಕಾರಿ ಕಚೇರಿಯ ಅಪ್ಪಂದಿರು,
ನಿಮಗೇನು ಕಡಿಮೆಯಾಗಿದೆಯೋ ಎಂಬ ಮಾತು
ನಾಲಿಗೆ ತುದಿಗೆ ಬಂತು. ನುಂಗಿದೆ.
ನಮ್ಮಪ್ಪ ಹೋದ ದಿನ ನಾನು ಅತ್ತಿರಲಿಲ್ಲ.
ಪೆಟ್ಟಿಗೆ ಹೊರಲು ಒಂದು ಹೆಗಲು ಕಡಿಮೆಯಿತ್ತು.

ಕೊನೆಯಲ್ಲಿ ಗಿಟಾರು ನೆಲಕ್ಕೆ ಬಡಿದ.
ಸೋಮವಾರ ಬಂದ, ಕುತ್ತಿಗೆ ಮುರಿದದ್ದನ್ನು ಟವೆಲಿನಲ್ಲಿ ಸುತ್ತಿಕೊಂಡು:
ಮರದ ಗೋಂದು ಇದೆಯಾ? ಹೊಸದಕ್ಕೆ ದುಡ್ಡಿಲ್ಲ.
ಬಾಯ್ಲರ್ ಪಕ್ಕ ಇಕ್ಕಳ ಬಿಗಿದು ಕೂತೆವು.
ಈ ಥರದ್ದಕ್ಕೆ ಏನನ್ನುತ್ತಾರೆ? ಕೇಳಿದೆ.
ಅವನ ಕಿವಿ ಕೆಂಪಾಯಿತು.
ಯಾವನೋ ಒಂದು ಹೆಸರಿಟ್ಟಿದ್ದಾನಂತೆ, ಗೇಲಿಗೆ,
ಭಾವನೆಯನ್ನು ಅರ್ಧಕ್ಕೆ ಕತ್ತರಿಸಿ.
ಹಾಗಿದ್ದರೆ ಇಷ್ಟು ದಿನ ನಾವು ಬಾರಿಸಿದ್ದು
ಕಲ್ಲಿನವರಾ? ಅಂದ.
ಗೋಂದು ಒರೆಸು, ಅಂದೆ, ಒಣಗಿದರೆ ಬಿಡುವುದಿಲ್ಲ.

ಚಳಿಗಾಲಕ್ಕೆ ಅವರ ತಂಡ ಇರಲಿಲ್ಲ. ಹದಿಮೂರೋ ಹದಿನಾಲ್ಕೋ ಕಛೇರಿ, ಅಷ್ಟೇ.

ಆ ರಾತ್ರಿಯ ಕಸ ಬರೆದಿಡುತ್ತೇನೆ:
ತುಂಡು ತಂತಿ ನಾಲ್ಕು. ಒಂದು ಕನ್ನಡಕ, ಮುರಿದಿಲ್ಲ.
ಹಲ್ಲು ಇಲ್ಲ.
ತುಳಿದ ಎಸಳುಗಳು ಬೆವರಿಗೆ ಹಲಗೆ ಕಚ್ಚಿಕೊಂಡು
ಪೊರಕೆಗೆ ಬಗ್ಗಲಿಲ್ಲ;
ಮಂಡಿಯೂರಿ
ಉಗುರಿನಲ್ಲಿ ಎಬ್ಬಿಸಬೇಕಾಯಿತು.