ಅಕ್ಷರಕ್ಕ ಹನ್ನೆರಡು ರೂಪಾಯಿ

ಪ್ರಣಾಳಿಕೆ ಅಂದ್ರ ಹದಿನಾರು ಪುಟ.
ಗ್ವಾಡಿ ಅಂದ್ರ ಒಂಬತ್ತು ಫೂಟು.
ನಡುವ ನಾನು, ಬ್ರಷ್ ಹಿಡಕೊಂಡು,
ಶಹಾಬಾದಿನ ಏಪ್ರಿಲ್ ಬಿಸಲಾಗ.

ಏಳು ಮಂದಿ ಬಂದಿದ್ರು, ಒಂದೇ ಟಂಟಂದಾಗ.
ಕೈಯಾಗ ಫೈಲು ಹಿಡಿದ ವಕೀಲಿ ತಬಸ್ಸುಮ್,
ರೈಲ್ವೆ ಗ್ಯಾಂಗಿನಾಗ ದುಡಿದು ಪೆನ್ಶನ್ ಆದ ಸಾಯಬಣ್ಣ,
ಪರಸಿ ಖಣಿಯೊಳಗ ಎರಡು ಬಟ್ಟ ಬಿಟ್ಟು ಬಂದ ಮಶಾಕ,
ಬ್ಯಾಳಿ ಮಿಲ್ಲಿನ ನಿಂಗುಬಾಯಿ.
ಉಳಿದವ್ರ ಹೆಸರು ಕೇಳಲಿಲ್ಲ.

'ಅಕ್ಷರಕ್ಕ ಹನ್ನೆರಡು,' ಅಂದೆ.
'ಒತ್ತು ಕೊಟ್ರ ಜಾಸ್ತಿ ಇಲ್ಲ. ಛತ್ರಿ ಗುರ್ತು ಫುಕಟ್.'
ಮಳಿ ಕಾಣದ ಊರಾಗ ಛತ್ರಿ! ನಕ್ಕೆ.
'ಬಿಸಲಿಗೇನು ಬ್ಯಾಡೇನೋ?' ಸಾಯಬಣ್ಣನೂ ನಕ್ಕ.

ತಬಸ್ಸುಮ್ ಓದಿದಳು: ಧರ್ಮನಿರಪೇಕ್ಷತೆ.
ಏಳು ಅಕ್ಷರ, ಎಂಬತ್ನಾಕು ರೂಪಾಯಿ,
ಮ್ಯಾಲ ಮೂರು ಫೂಟು ಗ್ವಾಡಿ ನುಂಗ್ತದ.
'ಜರಾ ಸಣ್ಣದು ಮಾಡ್ರಿ.'
ಮಶಾಕ ಗ್ವಾಡಿ ಕಡಿನೇ ನೋಡಿದ:
'ಹಂಗಾರ ಹಿಂಗ ಬರಿ.
ಬಾಡಗಿ ಮನಿ ಕೇಳಲಿಕ್ಕ ಬಂದವನಿಗಿ
ಮೊದಲು ಹೆಸರು ಕೇಳಬ್ಯಾಡ್ರಿ.'
ಅದು ಇನ್ನೂ ಉದ್ದ ಆಯ್ತು.
ಯಾರೂ ಸಣ್ಣದು ಮಾಡು ಅನ್ನಲಿಲ್ಲ.

ಸಮಾನ ಕೂಲಿ. ಐದಕ್ಷರ.
ನಾ ಸುಣ್ಣದ ದಾರ ಹೊಡಿತಿದ್ದೆ, ನಿಂಗುಬಾಯಿ ಕೇಳಿದಳು:
'ಸಭಾ ಇದ್ದಾಗೆಲ್ಲ ಚಾ ಮಾಡೋಳು ನಾ ಒಬ್ಬಾಕಿನೇ ಯಾಕ?'
ಅದಕ್ಕ ಗ್ವಾಡಿಮ್ಯಾಲ ಜಾಗ ಇರಲಿಲ್ಲ.
ಸಾಯಬಣ್ಣ ಸುಮ್ಮನ ಎದ್ದು
ಕೆಟಲಿ ತಗೊಂಡು ಹೊಂಟ.

ನೀರು ಅಗ್ಗ. ಎರಡಕ್ಷರ, ಇಪ್ಪತ್ನಾಕು ರೂಪಾಯಿ.
ಬರೆಯೋದಷ್ಟೇ ಅಗ್ಗ.
ಧೂಳು ಕುಡಿದ ಎದಿಗೊಂದು ದವಾಖಾನಿ,
ಖಾಲಿ ಬಿದ್ದ ನೌಕ್ರಿಗಿ ಮುನ್ನೂರ ಎಪ್ಪತ್ತೊಂದು ಜೆ
(ಅಂಕಿ ಬರೆದು ಅವರ ರೊಕ್ಕ ಉಳಿಸಿದೆ),
ಗಟಾರದಾಗ ಮಶೀನ್ ಇಳಿಲಿ, ಮನುಷ್ಯಾ ಇಳಿಬಾರದು.

ಆಮ್ಯಾಲ ಘನತೆ.
'ಘ' ತಿದ್ದಲಿಕ್ಕ ಕಲಿಸಿದಾವ ನಮ್ಮಪ್ಪ.
ಘಮಘಮ ಖಾನಾವಳಿ ಅಂತ ಬೋರ್ಡು ಬರೆದು,
ಬಣ್ಣ ಹಸಿ ಇದ್ದಾಗಲೇ, ಅದೇ ಬೋರ್ಡಿನ ಕೆಳಗ,
ಹೊರಗ ಕುಂತು, ಬ್ಯಾರೆ ಇಟ್ಟ ಕಪ್ಪಿನ್ಯಾಗ ಚಾ ಕುಡಿತಿದ್ದ.
ಆ ಕಪ್ಪಿಗಿ ಕಿವಿ ಇರಲಿಲ್ಲ.
ಈ ಮಾತು ನಾ ಅವರಿಗಿ ಹೇಳಲಿಲ್ಲ.
'ಘ' ಮಾತ್ರ ಜರಾ ದೊಡ್ಡದಾಯ್ತು.

ಅಷ್ಟರಾಗ ಕಾಶಮ್ಮ ಹೊರಗ ಬಂದಳು, ಮರದಾಗ ತೊಗರಿ.
'ಗ್ವಾಡಿ ನಂದದ. ನಂದೊಂದು ಸಾಲು ಬರಿಬೇಕು.'
ತಬಸ್ಸುಮ್ ಫೈಲು ಬಿಚ್ಚಿದಳು: ವಿಧವಾ ಪಗಾರೇನು? ಮನಿ ಹಕ್ಕುಪತ್ರೇನು?
'ಅವೆಲ್ಲ ನಿಮ್ಮ ಹದಿನಾರು ಪುಟದಾಗ ಇರ್ತಾವ ಬಿಡವ್ವ.
ಸೋತ್ರೂ ಬರ್ತೀವಿ ಅಂತ ಬರಿರಿ.
ಗೆದ್ದವ್ರು ಬರಲ್ಲ, ಅದು ಗೊತ್ತದ.
ಸೋತವ್ರನ್ನ ಇನ್ನೂ ನೋಡಿಲ್ಲ.'

ಒಂದು ತಾಸು ಜಗಳ.
ಓಟು ಬೀಳೋಕಿಂತ ಮೊದಲೇ ಸೋಲಿನ ಮಾತೇನು, ಅಂದ ಒಬ್ಬ.
ಇದೂ ನೀತಿಯೊಳಗ ಬರ್ತದೇನು, ಅಂದ ಇನ್ನೊಬ್ಬ.
ಚಾ ಆರಿ ಹೋಯ್ತು. ಸಾಯಬಣ್ಣ ಮಾಡಿದ್ದು, ಸಕ್ಕರಿ ಜಾಸ್ತಿ.
ಕಡೀಗಿ ತಬಸ್ಸುಮ್ ಅಂದಳು: 'ಪ್ರಗತಿ ಅಳಸು.'

ಘಾಸಲೇಟ ಹಚ್ಚಿ ಮೂರಕ್ಷರ ಒರೆಸಿದೆ.
ಅಲ್ಲೇ ಐದಕ್ಷರ ಕೂಡಸಿದೆ, ಮೈ ಸಣ್ಣದು ಮಾಡಿ.
ಅರವತ್ತು ರೂಪಾಯಿ. ತಗೊಂಡೆ.
ನಂಬಿಕಿ ಬ್ಯಾರೆ, ಬಣ್ಣದ ರೇಟು ಬ್ಯಾರೆ.

ಎಣಿಕಿ ದಿನ ಅವರಿಗಿ ಬಂದದ್ದು ಇನ್ನೂರಾ ಹನ್ನೊಂದು.
ಅದರಾಗ ಒಂದು ನಂದು.
ಹೇಳಬಾರದಿತ್ತು, ಹೇಳಿಬಿಟ್ಟೆ.

ಮುಂದಿನ ಸೋಮವಾರ, ಕರೆಂಟು ಹೋದ ಹೊತ್ತಿನಾಗ,
ಟಂಟಂ ಬಂದು ನಿಂತ ಸಪ್ಪಳಾಯ್ತು.
ಎಣಿಸೋದು ನನ್ನ ಚಟ, ಎಣಿಸಿದೆ. ನಾಕು ಮಂದಿ.
ನಿಂಗುಬಾಯಿ ಕೈಯಾಗ ನಳದ ಅರ್ಜಿ.
ಕಾಶಮ್ಮ ಗ್ವಾಡಿ ನೋಡಿದಳು,
ಆಮ್ಯಾಲ ಅವರ ಮುಖ ನೋಡಿದಳು,
ಹೊರಸು ಹಾಕಿದಳು.
'ಉಳಿದ ಮೂರು ಎಲ್ಲಿ?' ಅಂದಳು.