ಕಂಬದೊಳಗಿನ ಮಳೆ

ಇಪ್ಪತ್ಮೂರು ಮಕ್ಕಳು.
ಎಲ್ಲರ ಮೈಮೇಲೂ ಮೊಣಕಾಲು ಮುಟ್ಟುವ ಹಳದಿ ಅಂಗಿ.
ಟೈನ್ ನದಿಯ ದಂಡೆಯ ಈ ಹಳೆಯ ನಿಲ್ದಾಣಕ್ಕೆ
ಸಾಸಿವೆ ಹೊಲವೊಂದು ಗದ್ದಲ ಮಾಡುತ್ತ
ಮೆಟ್ಟಿಲಿಳಿದು ಬಂದ ಹಾಗೆ.
ಮಿಸ್ ಹೆದರಿಂಗ್ಟನ್ ಎಣಿಸಿದರು, ಮತ್ತೊಮ್ಮೆ ಎಣಿಸಿದರು,
'ಇನ್ನು ನಿಮ್ಮ ಪಾಲಿಗೆ' ಎಂದು ನನ್ನ ಕಡೆ ತಿರುಗಿದರು.

ನನ್ನ ಕೆಲಸ ತಟ್ಟುವುದು.
ಮೂವತ್ತೊಂದು ವರ್ಷದಿಂದ, ಕೊನೆಯ ರೈಲು ಹೋದ ಮೇಲೆ,
ಸುತ್ತಿಗೆ ಹಿಡಿದು ಕಂಬ ತಟ್ಟಿ, ರಿವೆಟ್ ತಟ್ಟಿ
ದನಿ ಕೇಳುತ್ತೇನೆ.
ಗಟ್ಟಿಯಿದ್ದದ್ದು ಠಣ್ ಅನ್ನುತ್ತದೆ,
ಸಡಿಲಾದದ್ದು ಗೊಣಗುತ್ತದೆ.
ಹಗಲಲ್ಲಿ ಮಾತಾಡಿ ರೂಢಿಯಿಲ್ಲ.
ಆದರೂ ಮೂರು ಪುಟ ಬರೆದುಕೊಂಡು ಬಂದಿದ್ದೆ:
ಭಾರ, ಒತ್ತಡ, ಎಳೆತ, ಒಂದಿಷ್ಟು ಇಸವಿ.

ಎರಡನೇ ಸಾಲಿಗೇ ಟ್ಯಾಮ್ಸಿನ್ ಕೈ ಎತ್ತಿದಳು:
'ರೈಲು ನಿಲ್ಲುವುದು ನಿಲ್ದಾಣದಲ್ಲಿ. ಸರಿ.
ನಿಲ್ದಾಣ ಯಾವುದರಲ್ಲಿ ನಿಂತಿದೆ?'
'ನೆಲದಲ್ಲಿ' ಎಂದ ಕ್ಯಾಲಮ್.
'ಹಾಗಾದರೆ ನೆಲ?'
ಕಾಗದ ಮಡಚಿ ಜೇಬಿಗಿಟ್ಟೆ.

ಬನ್ನಿ, ಕಮಾನು ಕಟ್ಟೋಣ.
ಇಬ್ಬಿಬ್ಬರು ಎದುರುಬದುರು, ಅಂಗೈಗೆ ಅಂಗೈ,
ಕಾಲು ಹಿಂದಕ್ಕೆ, ಇನ್ನೂ ಹಿಂದಕ್ಕೆ,
ಈಗ ಒರಗಿ.
ಮೊದಲ ಸಲ ಕ್ಯಾಲಮ್‌ನ ಬೂಟು ಜಾರಿ
ಕಮಾನು ತಾಹ್ಮಿದನ ಮೂಗಿನ ಮೇಲೆ ಬಿತ್ತು.
ಎರಡನೇ ಸಲ ಪ್ರತಿ ಹಿಮ್ಮಡಿಯ ಹಿಂದೆ
ಒಬ್ಬೊಬ್ಬರನ್ನು ಕೂರಿಸಿ 'ನೀವು ಗೋಡೆ' ಎಂದೆ.
'ಗೋಡೆ ಏನು ಮಾಡಬೇಕು?'
'ಅಲುಗದಿರಬೇಕು.'
'ಬೋರು' ಎಂದಿತು ಗೋಡೆ.
ಬೋರೇ ಮತ್ತೆ.
ಮುತ್ತಜ್ಜನ ಮುತ್ತಜ್ಜನ ಕಾಲದಿಂದ ಆ ಗೋಡೆಗೆ ಇದೇ ಬೋರು;
ಅದು ಆಕಳಿಸಿದ ದಿನ ನಾವು ಇಲ್ಲಿರಬಾರದು.

ತಾಹ್ಮಿದ್ ಅಷ್ಟರಲ್ಲಿ ಅಂಗಾತ ಮಲಗಿದ್ದ,
ಚೂಯಿಂಗ್ ಗಮ್ಮಿನ ಕಲೆಗಳ ನಡುವೆ, ಗಾಜಿನ ಛಾವಣಿ ನೋಡುತ್ತ.
ಆ ಗೋಡೆಯಿಂದ ಈ ಗೋಡೆಗೆ ಬಿಗಿದ
ಬೆರಳಪ್ಪನ ಕಬ್ಬಿಣದ ಸರಳುಗಳನ್ನು ತೋರಿಸಿ,
'ಛಾವಣಿ ಯಾಕೆ ಬೆಲ್ಟ್ ಹಾಕಿಕೊಂಡಿದೆ?
ಹೊಟ್ಟೆ ಅಗಲವಾಗದಿರಲಿ ಅಂತಲಾ? ನಮ್ಮ ನಾನಾ ಹಾಗೆ?'
ನನ್ನ ಎರಡನೇ ಪುಟ ಪೂರ್ತಿ ಇದೇ ಇತ್ತು,
ಇಷ್ಟು ಚೆನ್ನಾಗಿರಲಿಲ್ಲ.

ಆಗ ಮಳೆ.
ಗಾಜಿನ ಮೇಲೆ ಮೊದಲು ನಾಲ್ಕು ಕಾಳು, ಆಮೇಲೆ ಚೀಲವೇ ಹರಿದಂತೆ.
ಎಲ್ಲರೂ ಮೇಲೆ ನೋಡಿದರು,
ಒಬ್ಬಳು ಬಿಟ್ಟು.
ಸ್ಕೂಲಿಗೆ ಬಂದು ಎರಡು ತಿಂಗಳು, ಬಾಯಿ ಬಿಟ್ಟಿಲ್ಲ,
ಹೆಸರು ಯರ್ಮಿಲಾ ಎಂದು ಮಿಸ್ ಮೆಲ್ಲಗೆ ಹೇಳಿದರು.
ಅವಳು ಕಂಬವನ್ನು ತಬ್ಬಿ ಕಿವಿಯಿಟ್ಟಿದ್ದಳು.
'ಬ್ರಿಷಿಂದ್' ಎಂದಳು, ಕಂಬಕ್ಕೆ.

ಯಾರಿಗೂ ಅರ್ಥವಾಗಲಿಲ್ಲ. ಎಲ್ಲರಿಗೂ ಗೊತ್ತಾಯಿತು.
ಹೌದು ಮಗು, ಕಂಬ ಟೊಳ್ಳು.
ಛಾವಣಿಯನ್ನು ಹೊರುತ್ತಲೇ ಛಾವಣಿಯ ನೀರನ್ನೂ
ಸದ್ದಿಲ್ಲದೆ ನೆಲಕ್ಕಿಳಿಸುತ್ತದೆ,
ಒಂದೇ ಸಂಬಳಕ್ಕೆ ಎರಡು ಕೆಲಸ.

ಕಾರ್ಲೈಲ್ ಕಡೆಯ ರೈಲು ಬಂತು, ಹೋಯಿತು;
ಯಾರೂ ತಿರುಗಿ ನೋಡಲಿಲ್ಲ.
ಇಪ್ಪತ್ಮೂರು ಕಿವಿ ಕಬ್ಬಿಣಕ್ಕಂಟಿದ್ದವು.
ಕಣ್ಣಾಮುಚ್ಚಾಲೆಯಲ್ಲಿ ಲೆಕ್ಕ ಹಾಕುತ್ತಿದ್ದಾರೆಂದು
ಪ್ರಯಾಣಿಕರು ಮೆತ್ತಗೆ ದಾಟಿಕೊಂಡು ಹೋದರು.

ಯರ್ಮಿಲಾ ಮಾತ್ರ ಒಂದೇ ಕಂಬಕ್ಕೆ ನಿಲ್ಲಲಿಲ್ಲ.
ಒಂದು, ಎರಡು, ಮೂರು, ತಲೆದೂಗಿದಳು.
ನಾಲ್ಕನೆಯದರ ಬಳಿ ಬಹಳ ಹೊತ್ತು.
ಈ ಕಿವಿ, ಆ ಕಿವಿ.
ನನ್ನ ತೋಳು ಹಿಡಿದೆಳೆದು ತಂದು ತೋರಿಸಿ,
ಇಲ್ಲಿನ ಭಾಷೆಯಲ್ಲೇ ಹೇಳಿದಳು:
'ಇಲ್ಲ.'

ಹೋದ ಮಂಗಳವಾರವಷ್ಟೇ ತಟ್ಟಿದ್ದೆ ಅದನ್ನು,
ಠಣ್ ಅಂದಿತ್ತು, ಸರಿಯಿದೆ ಎಂದು ಬರೆದಿದ್ದೆ.
ಆವತ್ತು ಮಳೆಯಿರಲಿಲ್ಲ.

ರಾತ್ರಿ ಏಣಿ ಹಾಕಿ ಹತ್ತಿದರೆ
ದೋಣಿಯ ತುಂಬ ಗರಿ, ಹುಲ್ಲು, ಕಡ್ಡಿ,
ಪಾರಿವಾಳ ತಾನೂ ಏನೋ ಕಟ್ಟಲು ನೋಡಿತ್ತು.
ಫಾರ್ಮು ತುಂಬಿದೆ: ಕಂಬ ನಾಲ್ಕು, ನೀರಿನ ದಾರಿ ಕಟ್ಟಿದೆ.
ಪತ್ತೆ ಹಚ್ಚಿದವರು: ಯರ್ಮಿಲಾ.
ನಾಳೆ ಆಫೀಸಿನವರು ಫೋನು ಮಾಡುತ್ತಾರೆ,
ಯಾವ ಕಂಪನಿಯವರು ಎಂದು.