ಬಂಪರಿಗೂ ಒಂದು ಟಿಕೇಟು

ಮೈಲೂರ ರೋಡಿನ ಗುಜರಿ ಹಿತ್ತಲದಾಗ
ಕೆಂಪು ಮುರಕಲ್ಲಿನ ಗ್ವಾಡಿಗೆ ಮೂಗು ಒತ್ತಿ ನಿಂತಿತ್ತು,
ಡುಕ್ಕರ್ ಫಿಯಾಟು, ಐವತ್ತೊಂಬತ್ತನೇ ಇಸವಿದು.
ಹಿಂದಿನ ಸೀಟಿನ ಸ್ಪ್ರಿಂಗಿನ ಮ್ಯಾಲ
ಕೋಳಿ ಕಾವಿಗೆ ಕೂತಿತ್ತು.
"ಕೋಳಿ ಬಿಟ್ಟು ಹದಿನಾಲ್ಕು ಸಾವಿರ" ಅಂದ ಖಲೀಲ.
ಮರಿ ಒಡೆಯೋತನಕ ತಡದೆ.
ಮರಿ ಇಳದವು, ಅವನೂ ಇಳದ:
ಹನ್ನೊಂದೂವರಿ.

ನಾನು ಪ್ರಯಾಗಬಾಯಿ, ಬೀದರ ಡಿಪೋದ ಕಂಡಕ್ಟರ್,
ಔರಾದ ಲೈನು.
ಇಪ್ಪತ್ತೆರಡು ವರ್ಷ ರಸ್ತೆ ನೋಡೇನಿ
ಡ್ರೈವರನ ಹೆಗಲ ಮ್ಯಾಲಿಂದ, ಮಂದಿಯ ಕಂಕುಳ ಸಂದಿಲೆ,
ಅಷ್ಟಷ್ಟೇ.
ಮಂಜರಾ ಹೊಳಿ ಬಂತಂತ ನನಗ ಗೊತ್ತಾಗೋದು
ಕಿಟಕಿ ಕಡೆ ಕೂತವರು ನೀರಿಗೆ ಒಗೀಲಾಕ
ಚಿಲ್ಲರಿ ಕೇಳಿದಾಗ.

ರೊಕ್ಕ? ಓಟಿ ರೊಕ್ಕ, ಹಬ್ಬದ ಮುಂಗಡ,
ಪಟ್ಟಿ ಹರದ ಹಳೀ ಚರ್ಮದ ಚೀಲದಾಗ ಕೂಡಿಟ್ಟಿದ್ದು.
ಎಣಿಸಿದಾಗೆಲ್ಲ ಒಂದು ಪಾರ್ಟಿಗೆ ಕಮ್ಮಿ.
"ಇಷ್ಟದಾಗ ಹೊಸಾ ಸ್ಕೂಟಿ ಬರ್ತಿತ್ತಲ್ಲೇ" ಅಂದಳು ಇಂದುಮತಿ.
ಬರ್ತಿತ್ತು.
ನಾನು ವೇಬಿಲ್ ಬರೀತಿದ್ದೆ, ತಲಿ ಎತ್ತಲಿಲ್ಲ.

ಸ್ಯಾಮ್ಸನ್ ಮೇಸ್ತ್ರಿ ಐತವಾರ ಚರ್ಚು ಬಿಟ್ಟ ಮ್ಯಾಲ ಬರ್ತಿದ್ದ.
ಬಿಳಿ ಅಂಗಿ ಬೇವಿನ ಟೊಂಗಿಗೆ ಹಾಕಿ
ಬನಿಯನ್ನಿನ ಮ್ಯಾಲ ಇಂಜಿನ್ನಿನೊಳಗ ಇಳೀತಿದ್ದ.
ಕೂಲಿ: ಎರಡು ಜ್ವಾಳದ ರೊಟ್ಟಿ, ಪುಂಡಿಪಲ್ಯ,
ಪೆಟ್ರೋಲಿಗಂತ ಐವತ್ತು.
ತಾಮ್ರದ ಗ್ಯಾಸ್ಕೆಟ್ಟು ಹೊಸದು ಎಲ್ಲೂ ಸಿಗಲಿಲ್ಲ.
ಹಳೇದನ್ನೇ ಒಲಿ ಮ್ಯಾಲ ಕೆಂಪಗ ಕಾಸಿ ನೀರಿಗೆ ಅದ್ದಿದ.
"ಉಕ್ಕಿಗೆ ಹಿಂಗ ಮಾಡಿದ್ರ ಬಿರುಸಾಗ್ತದ,
ತಾಮ್ರ ಮೆತ್ತಗಾಗ್ತದ ನೋಡವ್ವ."
ಆ ಮಾತು ವೇಬಿಲ್ಲಿನ ಹಿಂದ ಬರಕೊಂಡೆ,
ಯಾತಕ್ಕೋ ಗೊತ್ತಿಲ್ಲ.

ಬಂಪರ್ ಸಿಕ್ಕಿದ್ದು ಹೈದರಾಬಾದಿನ ಜುಮ್ಮೇರಾತ್ ಬಜಾರದಾಗ.
ಸೆರಗಲೆ ಒರಸಿದ್ರ ಮುಖ ಕಂಡಿತು, ಸೊಟ್ಟ.
ಜಹೀರಾಬಾದ್ ದಾಟಿದ ಮ್ಯಾಲ ಬಂದ ಕಂಡಕ್ಟರ್ ಹುಡುಗ
ನನ್ನ ಪಾಸು ನೋಡಿ ನಕ್ಕ, ಬಂಪರ್ ನೋಡಿ ಸುಮ್ಮನಾದ.
"ಲಗೇಜು ಹರಿ."
"ಬಿಡ್ರಿ ಅಕ್ಕಾ, ನಮ್ಮವರೇ ನೀವು."
"ಹರಿಯಪ್ಪ. ಕುರಿಮರಿಗೂ ಹರದೇನಿ ನಾನು,
ಬಾಣಂತಿಯ ಹೊಲಿಗಿ ಮಶೀನಿಗೂ ಹರದೇನಿ."
ಆ ಟಿಕೇಟು ಕಾರಿನ ಕಾಗದದ ಜೋಡಿ ಅದ.

ನೆಲ ಪೂರಾ ತುಕ್ಕು ತಿಂದಿತ್ತು,
ಒಳಗ ಕೂತು ಕಾಲಿಟ್ರ ಹುಲ್ಲು ಸಿಗ್ತಿತ್ತು.
ಡಿಪೋದ ಹರಾಜಿನಾಗ ಬಸ್ಸಿನ ಹಳೀ ಬೋರ್ಡು
ತೂಕಕ್ಕ ತಗೊಂಡೆ, ರಸೀದಿ ಸಮೇತ.
ಸ್ಯಾಮ್ಸನ್ ಕತ್ತರಿಸಿ ಬೆಸದ.
ಬ್ರೇಕು ಕ್ಲಚ್ಚಿನ ಕೆಳಗ ಈಗ
ಹಳದಿ ಅಕ್ಷರ: ಔರಾದ.
"ಮ್ಯಾಲ ಬಣ್ಣ ಬಳೀಲೇನು?"
"ಬ್ಯಾಡ."

ಹಾರ್ನಿನ ಗುಂಡಿ ಇರಲಿಲ್ಲ.
ಚೌಬಾರದ ಹತ್ರ ರವೂಫ್ ಸಾಹೇಬ್ರು
ಬಿದರಿದೊಂದು ಕೊಟ್ರು, ಗಿರಾಕಿ ಒಲ್ಲೆ ಅಂದದ್ದು,
ಒಂದು ಎಸಳಿನ ಬೆಳ್ಳಿ ತಂತಿ ಎದ್ದಿತ್ತು.
"ಕ್ವಾಟಿ ಮಣ್ಣಿನ ಕಪ್ಪು, ಬಿಸಿಲಿಗೆ ಹೋಗಂಗಿಲ್ಲ.
ಗಾಡಿಗೂ ಇದೇ ಹಚ್ಚಲೇನು?" ಅಂತ ನಕ್ಕರು.
ಬಣ್ಣಕ್ಕ ರೊಕ್ಕ ಉಳದಿಲ್ಲ ಇನ್ನಾ.
ರೆಡ್ ಆಕ್ಸೈಡಿನ ಮ್ಯಾಲೇ ಅದ, ನಮ್ಮೂರ ಮಣ್ಣಿನಂಗ,
ಧೂಳು ಕೂತ್ರ ಕಾಣಂಗಿಲ್ಲ, ಅದೊಂದು ಲಾಭ.

ವಾರದ ರಜಾ ದಿನ ನಸುಕಿನಾಗ ತೆಗೆದೆ.
ಹ್ಯಾಂಡಲ್ ಹೊಡದ ನಾಲ್ಕನೇ ಸಲಕ್ಕ ಕೆಮ್ಮಿ ಎದ್ದಿತು.
ಬಾಯಿ ತಾನಾಗೇ "ರೈಟ್" ಅಂದಿತು.
ಗಾಡಿ ಹಂಗೇ ನಿಂತಿತ್ತು.
ಆಮ್ಯಾಲ ನೆನಪಾತು, ಗೇರು ನಾನೇ ಹಾಕಬೇಕು.

ರಸ್ತೆ ಇಷ್ಟು ಅಗಲ ಅದ ಅಂತ ಯಾರೂ ಹೇಳಿರಲಿಲ್ಲ.
ಮಂಜರಾ ಸೇತುವಿ ಮ್ಯಾಲ
ನೀರು ಎರಡೂ ಕಡೆ ಕಂಡಿತು, ಒಂದೇ ಸಲಕ್ಕ.
ನಾಣ್ಯ ಒಗೀಲಿಲ್ಲ,
ಸ್ಟಿಯರಿಂಗ್ ಬಿಡಲಾಕ ಧೈರ್ಯ ಬರಲಿಲ್ಲ.

ಕೌಠಾದಾಗ ಮೆಂತೆಪಲ್ಯದ ಗಂಟು ಹೊತ್ತವಳೊಬ್ಬಳು
ಕೈ ಮಾಡಿದಳು. ರೂಢಿ.
ನಿಂದ್ರಿಸಿದೆ, ಹನ್ನೆರಡು ಹೆಜ್ಜಿ ಮುಂದ.
ಓಡಿ ಬಂದು ಗಾಜಿನಾಗ ಇಣಿಕಿದಳು.
"ಔರಾದಕ್ಕ ಹೋಗ್ತದೇನವ್ವ?"

ಕಾಲ ಕೆಳಗ ನೋಡಿದೆ.
"ಹೋಗ್ತದ. ಹತ್ತು.
ಬ್ರೇಕು ಮಾತ್ರ ಒಂದೀಟು ತಡದು ಹಿಡೀತದ."